ವಿಭೂತಿ ಗಟ್ಟಿಯ ಹಿಂದಿನ ಬಾಟಲಿ

ಇದು ನಡೆದದ್ದೇ. ನಂಬದಿದ್ದರೆ ಚಿಗಳ್ಳಿಗೆ ಬನ್ನಿ, ನನ್ನ ಅಕ್ಕ ಬಸವ್ವನ ಎದುರು ಐದು ನಿಮಿಷ ಕುಳಿತು ನೋಡಿ. ಮೈ ಜುಮ್ಮೆನ್ನಲಿ ಎಂದು ಓದುವವರಿಗೆ ಮೊದಲೇ ಹೇಳುತ್ತೇನೆ... ಇದರಲ್ಲಿ ದೆವ್ವಕ್ಕಿಂತ ಹೊಲಸು ನಾನು. ಓದಿದ್ದು ಏಳನೇ ಇಯತ್ತೆ. ಸುಳ್ಳು ಹೇಳಲು ಅಷ್ಟು ಸಾಕಾಯಿತು.

ಕಣ್ಣೊಳಗಿನ ಒತ್ತಡ ಏರಿ ಅಕ್ಕನ ಎಡಗಣ್ಣು ಕುರುಡಾಗಿತ್ತು. ಬಲಗಣ್ಣಿಗೂ ಅದೇ ರೋಗ. ದಿನಾ ರಾತ್ರಿ ವಿಭೂತಿ ಹಚ್ಚಿಕೊಂಡು, ಒಂದು ಹನಿ ಔಷಧ ಬಿಟ್ಟುಕೊಂಡು ಮಲಗುತ್ತಿದ್ದಳು. ಆಮೇಲೆ ಆ ಬಲಗಣ್ಣಿಗೆ ಪೊರೆಯೂ ಬಂತು.

ಮುಂಡಗೋಡಿನಲ್ಲಿ ಪೊರೆ ತೆಗೆಯುವ ಉಚಿತ ಶಿಬಿರವಿತ್ತು; ಕಣ್ಣಿನ ಒತ್ತಡ ಇದೆ ಎಂದವರನ್ನು ಮಾತ್ರ ಅಲ್ಲಿ ಆಪರೇಷನ್ ಮಾಡದೆ ಹುಬ್ಬಳ್ಳಿಗೆ ಕಳಿಸುತ್ತಿದ್ದರು. ನನಗೆ ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳದ ಒಕ್ಕಣೆ ಇತ್ತು. ಹುಬ್ಬಳ್ಳಿಗೆ ಯಾರು ಅಲೆಯಬೇಕು? ಅಕ್ಕ ಅದನ್ನು ಶಿಬಿರಕ್ಕೆ ತರಬಾರದೆಂದು ಔಷಧದ ಬಾಟಲಿಯನ್ನು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಹಿಂದೆ ಅಡಗಿಸಿದೆ. "ಔಷಧ ಮುಗದೈತಿ, ಇನ್ನ ಬೇಕಾಗಂಗಿಲ್ಲ" ಎಂದು ಅಕ್ಕನನ್ನು ನಂಬಿಸಿದೆ.

ಶಿಬಿರದಲ್ಲಿ ಅವಳನ್ನು ದೂರದ ಬೆಂಚಿನ ಮೇಲೆ ಕೂರಿಸಿ ಹೆಸರು ಬರೆಸಿದೆ.

"ಎಡಗಣ್ಣಿಗೆ ಏನಾಗಿತ್ರಿ?" ಬರೆದುಕೊಳ್ಳುವವನು ಕೇಳಿದ.

"ಸಣ್ಣಾಕಿದ್ದಾಗ ಎತ್ತಿನ ಕೋಡು ಬಡದಿತ್ರಿ" ಎಂದು ಸುಳ್ಳು ಹೇಳಿದೆ.

ಆಪರೇಷನ್ ಮುಗಿಸಿ ಸಂಜೆ ಮನೆಗೆ ಬಂದೆವು. ರಾತ್ರಿ ಅಕ್ಕ ನರಳತೊಡಗಿದಳು.

"ತಮ್ಮಾ, ಕಣ್ಣು ಒಡದ ಹೋಗ್ತೈತೋ..." ಎರಡು ಸಲ ವಾಂತಿ ಮಾಡಿಕೊಂಡಳು.

"ಊರ ಮಂದಿ ಎಲ್ಲಾ ಮಾಡಿಸ್ಕೊಂಡಾರ. ನಿಂದೇನ ಬಂಗಾರದ ಕಣ್ಣೇನ? ಮಲಕೋ."

ಗೋಡೆ ಕಡೆ ಹೊರಳಿದೆ.

ಕರೆಂಟು ಹೋಯಿತು. ನರಳಿಕೆ ಒಮ್ಮೆಲೇ ನಿಂತಿತು... ಹಸಿ ವಿಭೂತಿಯ ವಾಸನೆ ಮೂಗಿಗೆ ಬಡಿಯಿತು. ಬ್ಯಾಟರಿ ಹಾಕಿದೆ. ಅಕ್ಕ ಎದ್ದು ಕುಳಿತಿದ್ದಳು. ಬಲಗಣ್ಣಿಗೆ ಪಟ್ಟಿ, ಎಡಗಣ್ಣು ಸತ್ತದ್ದು. ಮುಖ ಮಾತ್ರ ನೆಟ್ಟಗೆ ಗೂಡಿನ ಕಡೆ.

"ಅವ್ವ ಬಂದಾಳ," ಎಂದಳು ಮೆಲ್ಲಗೆ.

ಅವ್ವ ತೀರಿಕೊಂಡು ಒಂಬತ್ತು ವರ್ಷ.

"ಗೂಡಿನ ಮುಂದ ನಿಂತಾಳ. ವಿಭೂತಿ ಗಟ್ಟಿ ಹಿಂದ ಬಟ್ಟ ಮಾಡಿ ತೋರಸಾಕತ್ತಾಳ. ಅಲ್ಲೇನೈತೋ?"

"ಏನೂ ಇಲ್ಲ."

ಆಗಲೂ ಗಾಡಿ ತರಬಹುದಿತ್ತು. ನಾಲ್ಕು ಮನೆ ಆಚೆ ಟೆಂಪೋ ನಿಂತಿತ್ತು. ನಾನು ಹೊದಿಕೆ ಎಳೆದುಕೊಂಡೆ.

ಬೆಳಿಗ್ಗೆ ಶಿಬಿರದಲ್ಲಿ ಪಟ್ಟಿ ಬಿಚ್ಚಿದ ಡಾಕ್ಟರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ರಾತ್ರಿ ಒತ್ತಡ ವಿಪರೀತ ಏರಿ ಕಣ್ಣಿನ ನರ ಸತ್ತಿದೆ ಎಂದರು. "ಮೊದಲ ಒತ್ತಡ ಇತ್ತೇನ್ರಿ?"

"ಗೊತ್ತಿಲ್ರಿ" ಎಂದೆ. ಅಕ್ಕ ನನ್ನ ಕೈ ಬಿಟ್ಟಳು.

ಬಾಟಲಿಯನ್ನು ಹಿತ್ತಲಲ್ಲಿ ಹೂತೆ. ಅಕ್ಕ ಅದರ ಮಾತೆತ್ತಲೇ ಇಲ್ಲ. ನಿನ್ನೆ ನಾನೇ ತಡೆಯಲಾರದೆ ಕೇಳಿದೆ, "ಅವ್ವ ಮತ್ತ ಬಂದಿದ್ಲೇನ?"

"ಆಕಿ ಹೋಗೇ ಇಲ್ಲಲ್ಲೋ. ಅಲ್ಲೇ ನಿಂತಾಳ. ಈಗ ಬಟ್ಟ ನಿನ್ನ ಕಡೆ ಮಾಡ್ಯಾಳ."

ಉಸಿರು ಬಿಗಿಹಿಡಿದು, ಬರಿಗಾಲಲ್ಲಿ, ಸದ್ದಿಲ್ಲದೆ ಇನ್ನೊಂದು ಮೂಲೆಗೆ ಸರಿದೆ.

ಅಕ್ಕನ ಮುಖ ನಿಧಾನವಾಗಿ ಅತ್ತಲೇ ತಿರುಗಿತು...