ಹಾಳೆಯ ಕವಚ

ಟಾಕೀಸಿನಲ್ಲಿ ನೋಡಿದ ಇಂಗ್ಲಿಷ್ ಸಿನಿಮಾದ ಬೇರೆ ಗ್ರಹದ ಸಿಪಾಯಿಯ ಬಿಳಿ ಕವಚವನ್ನು ನಮ್ಮ ಯುವಕ ಮಂಡಲದ ನಾಟಕಕ್ಕೆಂದು ಅಡಿಕೆ ಹಾಳೆಯಲ್ಲಿ ಹಾಗೆಯೇ ಮಾಡಿದ್ದೆ. ನಾಟಕದ ದಿನ ಸುಳ್ಯದಲ್ಲಿ ಪುತ್ತೂರಿನ ಬಸ್ಸು ಹತ್ತಿದವನು, ಜನರ ನಡುವೆ ಜಜ್ಜಿಹೋದೀತೆಂದು ಅದನ್ನು ಡ್ರೈವರರ ಪಕ್ಕದ ಬಾನೆಟ್ಟಿನ ಮೇಲಿಟ್ಟೆ. ಎಂಜಿನ್ನಿನ ಬಿಸಿಗೆ ಹಾಳೆ ಒಣಗಿ, ಎದೆಯ ಭಾಗ ನಡುವೆ ಸೀಳಿತು. ಸಂಜೆ ಅದನ್ನು ತೊಟ್ಟು ರಂಗಕ್ಕೆ ಹೋಗಬೇಕಾದವನು ನಾನೇ.

ಪಕ್ಕದಲ್ಲಿ ಹಾಳೆಟೋಪಿಗಳ ಕಟ್ಟು ಹಿಡಿದು ಮಾರಲಿಕ್ಕೆ ಹೊರಟಿದ್ದ ಹೆಂಗಸೊಬ್ಬರು ಕೇಳಿದರು, "ಹಾಳೆಯನ್ನು ಬಿಸಿಯಲ್ಲಿ ಇಡುದಾ ಮಾರಾಯ್ರೆ? ಯಾವ ಭೂತದ ಕೋಲಕ್ಕೆ ಇದು?"

"ಭೂತದ್ದಲ್ಲ ಅಕ್ಕ, ಬೇರೆ ಗ್ರಹದ ಸಿಪಾಯಿಯದ್ದು."

"ಅಲ್ಲಿಯೂ ಅಡಿಕೆ ಮರ ಉಂಟಾ?"

ಬಸ್ಸಿನವರೆಲ್ಲ ನಕ್ಕರು. ಅವರು ಮಾತ್ರ ನಗದೆ ಕವಚದ ಒಳಮೈಗೆ ನೀರು ಸವರಿ, ಹಾಳೆಯ ತುಂಡೊಂದನ್ನು ಒಳಗಿಟ್ಟು, ಟೋಪಿ ಹೊಲಿಯುವ ತಮ್ಮ ಸೂಜಿದಾರದಿಂದ ಪುತ್ತೂರು ಬರುವಷ್ಟರಲ್ಲಿ ಹೊಲಿದು ಕೊಟ್ಟರು. ಹೊಲಿಗೆ ಕವಚದ ಗೆರೆಯಂತೆಯೇ ಕಂಡಿತು.

ಆ ಸಿನಿಮಾವನ್ನು ನಾಲ್ಕು ಸಲ ನೋಡಿದವರಿಗೂ ಸಂಜೆ ಕವಚದಲ್ಲಿ ಒಂದು ತಪ್ಪೂ ಸಿಗಲಿಲ್ಲ. ಮಾರನೆಯ ದಿನ ಪೂಜೆಗೆ ಕೂತು, ಬಸ್ಸಿನ ಆ ಅಕ್ಕನ ಹೆಸರಿನಲ್ಲಿ ಒಂದು ಹೂವು ಏರಿಸುವ ಎಂದುಕೊಂಡೆ. ದೇವರ ಸಾವಿರ ಹೆಸರು ಬಾಯಿಪಾಠ ಇದ್ದ ನಾನು ಅವರ ಒಂದು ಹೆಸರನ್ನು ಕೇಳಿಕೊಂಡಿರಲಿಲ್ಲ.