ನಂಜುಂಡೇಶನ ಎಫ್ ಟೆನ್

ಎಮರಾಲ್ಡ್ ಅಣೆಕಟ್ಟಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ನೀರಿನ ಮಟ್ಟ ಬರೆದು ನಿವೃತ್ತನಾದ ನಂಜುಂಡೇಶ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತೆಲ್ಲಿ?" ಅನ್ನುತ್ತಿದ್ದ. ಈಗ ಕೂನೂರಿನ ಬಾಡಿಗೆ ಕೋಣೆಯಲ್ಲಿ ಪುರುಸೊತ್ತೇ ಪುರುಸೊತ್ತು. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ.

ಇದ್ದದ್ದು ಬೆಳಿಗ್ಗೆ ಎಂಟೂವರೆಯ ಒಂದು ಫೋನು. ಅವನ ಕುರ್ಚಿಗೆ ಬಂದ ಪುಷ್ಪಾ ಮಾಡುತ್ತಿದ್ದಳು. ಅದಕ್ಕಾಗಿ ಎಂಟಕ್ಕೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಕೂರುತ್ತಿದ್ದ. ಫೋನಿನಲ್ಲಿ ಅಂಗಿ ಯಾರಿಗೆ ಕಾಣಬೇಕು, ಹೇಳಿ!

ಫೋನಿಗೆ ಕಾರಣ ಕೀಬೋರ್ಡಿನ ಎಫ್ ಟೆನ್ ಕೀಲಿ. ನೀರಿನ ಮಟ್ಟ ತುಂಬುವ ಪ್ರೋಗ್ರಾಂ ಅವನ ಕಾಲದ್ದೇ: ಕಪ್ಪು ಪರದೆ, ಹಸಿರು ಅಕ್ಷರ, ಮೌಸಿಗೆ ಅಲ್ಲಿ ಕೆಲಸವಿಲ್ಲ. ಅಂಕಿ ತುಂಬಿ ಎಫ್ ಟೆನ್ ಒತ್ತಿದರೆ ಮೇಲಿನ ಕಚೇರಿಗೆ ಹೋಗುತ್ತಿತ್ತು. ಹೊಸ ಕಂಪ್ಯೂಟರ್ ಬಂದ ಮೇಲೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತಾಯಿತು. ಆ ಕಪ್ಪು ಪರದೆ ಇದ್ದ ವಿಂಡೋವೇ ಎಫ್ ಟೆನ್ ಅನ್ನು ನುಂಗಿ ತನ್ನ ಮೆನು ತೆರೆಯುತ್ತಿತ್ತು. ಒಳಗಿನ ಪ್ರೋಗ್ರಾಮಿಗೆ ಒತ್ತಿದ್ದೇ ತಿಳಿಯುತ್ತಿರಲಿಲ್ಲ. ನಂಜುಂಡೇಶ ಒಳದಾರಿ ಹುಡುಕಿದ: ಎಫ್ ಟೆನ್ ಬದಲು ಎಸ್ಕೇಪ್ ಒತ್ತಿ ಬಿಟ್ಟು ತಕ್ಷಣ ಸೊನ್ನೆ. ತಡವಾದರೆ ಬರೀ ಎಸ್ಕೇಪ್ ಒತ್ತಿದಂತಾಗಿ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಆ ಹೆದರಿಕೆಗೆ ಪುಷ್ಪಾ ದಿನಾ ಅವನ ಬಾಯಿಂದ ಹೇಳಿಸಿಕೊಂಡೇ ಒತ್ತುತ್ತಿದ್ದಳು.

ಪಿಂಚಣಿ ಕಾಗದಕ್ಕೆಂದು ಕಚೇರಿಗೆ ಹೋದಾಗ, ಅವಳು ಟೀ ತರಲು ಎದ್ದ ಹೊತ್ತಿನಲ್ಲಿ, ವಿಂಡೋದ ಸೆಟ್ಟಿಂಗ್ಸ್ ಒಳಗೆ ಅವನ ಕಣ್ಣಿಗೆ ಬಿತ್ತು: ಮೆನುವಿಗೆ ಎಫ್ ಟೆನ್ ಎಂಬ ಸಾಲಿನ ಮುಂದೊಂದು ಟಿಕ್. ಅದನ್ನು ತೆಗೆದರೆ ರೋಗವೇ ಹೋಯಿತು. ಅವನು ತೆಗೆಯಲಿಲ್ಲ. ಆ ಐದು ನಿಮಿಷವೂ ಹೋದರೆ ದಿನವಿಡೀ ತನ್ನನ್ನು ಕೇಳುವವರೇ ಇಲ್ಲವಲ್ಲ ಎಂದು ಭಯವಾಯಿತು. ಟೀ ಕುಡಿದು ಬಂದುಬಿಟ್ಟ.

ಜುಲೈಯ ಗಾಳಿಮಳೆಯಲ್ಲಿ ಒಂದು ದಿನ "ಎಸ್ಕೇಪ್ ಒತ್ತಿ ಬಿಡಮ್ಮ" ಅನ್ನುತ್ತಿದ್ದಂತೆಯೇ ಫೋನ್ ಕಟ್ಟಾಯಿತು. ಆ ದಿನವೆಲ್ಲ ಸಿಗ್ನಲ್ ಇಲ್ಲ. ಮರುದಿನ ಮಾತಾಡುವಾಗ ಪುಷ್ಪಾಳಿಗೆ ಅಳು ಒತ್ತಿ ಬರುತ್ತಿತ್ತು.

"ಎಲ್ಲಾ ಅಳ್ಸೋಯ್ತು ಸಾರ್. ಇನ್ನೊಂದ್ಸಲ ತುಂಬುದ್ರೂ ಹೋಯ್ತು. ಮಟ್ಟ ಕಳ್ಸೋ ಹೊತ್ಗೆ ಮಧ್ಯಾಹ್ನ. ಈ ಮಳೇಲಿ ಇಷ್ಟು ಲೇಟಾ ಅಂತ ಮೆಮೊ ಕೊಟ್ಟವ್ರೆ."

ನಂಜುಂಡೇಶನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆ ಟಿಕ್ ಎಲ್ಲಿದೆ ಎಂದು ಹೇಳಿದ. ಅವಳು ತೆಗೆದಳು, ಎಫ್ ಟೆನ್ ಒತ್ತಿದಳು, ಅಂಕಿ ಹೋಯಿತು.

"ಇಷ್ಟೇನಾ! ಯಾವಾಗ ಗೊತ್ತಾಯ್ತು ಸಾರ್ ನಿಮ್ಗೆ?"

ಈಗ ತಾನೆ ಎನ್ನಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ನಾಕು ತಿಂಗ್ಳಾಯ್ತು."

"ಮತ್ಯಾಕೆ ಹೇಳ್ನಿಲ್ಲ?"

"ಹೇಳಿದ್ರೆ ನೀನು ಫೋನ್ ಮಾಡ್ತಿದ್ಯೇನಮ್ಮ?"

"ಮೆಮೊಗೆ ಉತ್ತರ ಬರೀಬೇಕು ಸಾರ್" ಎಂದು ಪುಷ್ಪಾ ಫೋನ್ ಇಟ್ಟಳು.

ಮರುದಿನ ಎಂಟೂವರೆಯಾಯಿತು, ಒಂಬತ್ತಾಯಿತು. ಎಫ್ ಟೆನ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ನಂಜುಂಡೇಶನಿಗೆ ತಿಳಿಯಿತು.