ಬಾಯಿಬಿಟ್ಟು ಹೇಳಬೇಕಾದ ಓಟು

ಮಕ್ಕಳೇ, ಶುಕ್ರವಾರ ಬೆಳಿಗ್ಗೆ ನಿಮ್ಮ ಸುಮಿತ್ರಾ ಅತ್ತೆ ನನ್ನನ್ನು ಡಚ್ಚರ ನಾಡಿನ ವೂರ್‌ಬರ್ಗಿನ ತನ್ನ ಮನೆಯಿಂದ ಹೇಗ್ ಪಟ್ಟಣಕ್ಕೆ ಕರೆದುಕೊಂಡು ಹೊರಟಳು. ಅವಳ ಮಗ ಪುಟ್ಟನ ಇಂಗ್ಲಿಷ್ ಶಾಲೆಯಲ್ಲಿ ಇತಿಹಾಸದ ದಿನವಿತ್ತು. ತುಂತುರು ಮಳೆ, ಕೊಡೆಯನ್ನೇ ತಿರುಚುವ ಗಾಳಿ. ನಿಲ್ದಾಣದಲ್ಲಿ ಟಿಕೆಟ್ ಕೊಡುವವರೇ ಇಲ್ಲ. ಸುಮಿತ್ರಾ ಕಂಬಕ್ಕೆ ಕಾರ್ಡು ಮುಟ್ಟಿಸಿದಳು, ಅಷ್ಟೆ. ರೈಲಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯಬೇಕಾಯಿತು. ಅಲ್ಲಿಂದ ಕಾಲುವೆಯ ಬದಿಯಲ್ಲಿ ಸ್ವಲ್ಪ ನಡಿಗೆ.

ಶಾಲೆಯಲ್ಲಿ ಮಕ್ಕಳು ಹಳೆಯ ಕಾಲದ ಉಪಚುನಾವಣೆಯೊಂದನ್ನು ಆಡಿ ತೋರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ನ್ಯೂಜಿಲೆಂಡ್ ಇಂಗ್ಲಿಷರ ವಸಾಹತಾಗಿದ್ದಾಗ, ಚೀಟಿಯೂ ಇಲ್ಲ, ಗುಟ್ಟೂ ಇಲ್ಲ. ಮತದಾರ ಎಲ್ಲರ ಮುಂದೆ ನಿಂತು ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತಂತೆ. ಹೆಂಗಸರಿಗೆ ಆಗ ಓಟಿರಲಿಲ್ಲ. ಈ ಆಟದಲ್ಲಿ ಟೀಚರ್ ನೋಡಲು ಬಂದ ನಮಗೂ ಓಟು ಕೊಟ್ಟರು. ಅಭ್ಯರ್ಥಿಗಳು ಇಬ್ಬರು, ಲೋಟೆ ಎಂಬ ಹುಡುಗಿ ಮತ್ತು ನಮ್ಮ ಪುಟ್ಟ. ವಾರವೆಲ್ಲ ಕನ್ನಡಿಯ ಮುಂದೆ ಭಾಷಣ ಮಾಡಿದ್ದ ಅವನಿಗೆ ಗೆಲ್ಲಲೇಬೇಕೆಂಬ ಹಟ.

ನನಗೆ ನಮ್ಮೂರ ಪಂಚಾಯಿತಿಯ ಉಪಚುನಾವಣೆ ನೆನಪಾಯಿತು. ನಿಮ್ಮ ಅಜ್ಜ ನಿಂತಿದ್ದರು. ನಾನು ಮರೆಯಲ್ಲಿ ನಿಂತು ಚಿತ್ರದ ಮೇಲೆ ಮುದ್ರೆ ಒತ್ತಿ ಬಂದಿದ್ದೆ. ಕೂದಲೆಳೆಯ ಅಂತರದಲ್ಲಿ ಸೋತರು. ಆದರೂ ತರಿಸಿಟ್ಟಿದ್ದ ಚುರುಮುರಿ, ಮಿರ್ಚಿಯನ್ನು ಗೆದ್ದವರ ಕಡೆಯ ಜನಕ್ಕೂ ಕರೆದು ಹಂಚಿದರು. ಅವತ್ತು ಅವರ ಅಂಗಿಗೆ ಅಂಟಿದ್ದ ಎಣ್ಣೆಯ ವಾಸನೆ ಕೂಡ ನನಗೆ ನೆನಪಿದೆ.

ಇಲ್ಲಿ ಓಟು ಸಮಸಮವಾಯಿತು. ಉಳಿದವಳು ನಾನೊಬ್ಬಳೇ. ಟೀಚರ್ ಹೆಸರು ಕೇಳಿದರು. ಪುಟ್ಟನಿಗೆ ಇಟ್ಟಿರುವುದು ನಿಮ್ಮ ಅಜ್ಜನದೇ ಹೆಸರು. ಗಂಡನ ಹೆಸರನ್ನು ನಾವು ಬಾಯಿಬಿಟ್ಟು ಹೇಳುವವರಲ್ಲ. ಅದಕ್ಕೇ ಅವನು ಹುಟ್ಟಿದಾಗಿನಿಂದ ನನಗೆ ಪುಟ್ಟ.

“ಸುಮಿತ್ರಾನ ಮಗ,” ಎಂದೆ.

ಸುಮಿತ್ರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮಕ್ಕಳು ನಕ್ಕರು. ಹೆಸರು ಹೇಳದಿದ್ದರೆ ಓಟು ಲೆಕ್ಕಕ್ಕಿಲ್ಲ, ಗೆದ್ದವರು ಯಾರೆಂದು ಆಗ ತಾವೇ ತೀರ್ಮಾನ ಮಾಡಬೇಕಾಗುತ್ತದೆ ಎಂದರು ಟೀಚರ್.

“ಹೇಳಿಬಿಡವ್ವಾ, ಆಟ ಅಲ್ಲೇನು ಇದು,” ಎಂದಳು ಸುಮಿತ್ರಾ.

ಪುಟ್ಟ ನನ್ನನ್ನು ನೋಡಿದ. “ಬ್ಯಾಡ ಬಿಡು ಅಜ್ಜಿ. ಇಟ್ಸ್ ಓಕೆ. ಲೋಟೆ ಗೆಲ್ಲಲಿ,” ಎಂದು ತಲೆಯ ಮೇಲಿನ ಕಾಗದದ ಟೋಪಿ ತೆಗೆದ.

ಆ ಮುಖ ನೋಡಲಾಗಲಿಲ್ಲ. “ವೀರೇಶ,” ಎಂದೆ. ಟೀಚರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಒಂದೇ ಓಟಿನಿಂದ ಅವನು ಗೆದ್ದ. ಎಲ್ಲರೊಂದಿಗೆ ನಾನೂ ಚಪ್ಪಾಳೆ ತಟ್ಟಿದೆ.

ಮರಳುವ ರೈಲಿನಲ್ಲಿ ಅವನು ನನ್ನ ಮಗ್ಗುಲಿಗೇ ಕೂತ. “ಇನ್ ಮ್ಯಾಲೆ ಹಂಗ ಕರೀತಿಯೇನ ಅಜ್ಜಿ?”

“ಇಲ್ಲೋ ಪುಟ್ಟ. ಅದು ಓಟಿಗಷ್ಟ.”

ಅವನು ನಕ್ಕ. ನಾನು ಕಿಟಕಿಯ ಕಡೆ ತಿರುಗಿ, ತುಟಿ ಮಾತ್ರ ಅಲ್ಲಾಡುವಂತೆ, ಆ ಹೆಸರನ್ನು ಇನ್ನೊಂದು ಸಲ ಹೇಳಿಕೊಂಡೆ.